ಹಬ್ಬದ ದಿನ ಮೆಷಿನ್ ಮುಟ್ಟಬೇಡಿ

ಹಲೋ… ಹಲೋ, ಯಾರ್ರೀ ಮಾತಾಡೋದು? 'ನಾನು, ನಾನು' ಅಂದ್ರೆ ಯಾವ ನಾನು? ನಾನೂ ನಾನೇ. ಹೆಸರು ಹೇಳಿ…

ಹಾಂ, ಪ್ರದ್ಯುಮ್ನ ಐನೋರಾ. ಗಣಪತಿ ಗುಡಿ ಐನೋರು. ಅದನ್ನ ಮೊದಲೇ ಹೇಳ್ಬಾರದಾ? ಸೈಟ್ ಮಾರೋರು ಯಾರೋ ಅಂದ್ಕೊಂಡು ಬೈಯಕ್ಕೆ ಬಾಯಿ ತೆಗೆದಿದ್ದೆ. ನಾನು ಚಿಕ್ಕಹನುಮಯ್ಯನೇ, ಹೇಳಿ. ಬೆಳಿಗ್ಗೆ ಏಳು ಗಂಟೆಗೆ ನನ್ನ ವೆಲ್ಡಿಂಗ್ ಅಂಗಡಿಗೆ ಬಂದು ಆಯುಧಪೂಜೆ ಮಾಡಿಕೊಟ್ಟು ಹೋದ್ರಲ್ಲ, ಏನಾದ್ರೂ ಬಿಟ್ಟು ಹೋದ್ರಾ? ಗಂಟೆ, ತಟ್ಟೆ?…

ಬೀಗವಾ? ಯಾವ ಬೀಗ?… ಗುಡಿ ಬೀಗ. ಹೂಂ… ಬೀಗದ ಕೈ ಒಳಗೇ ಮುರೀತಾ? ಅರ್ಧ ನಿಮ್ಮ ಕೈಯಲ್ಲಿ, ಅರ್ಧ ಬೀಗದ ಹೊಟ್ಟೇಲಿ. ಸರಿಹೋಯ್ತು. ಇನ್ನೊಂದು ಕೈ ಎಲ್ಲಿದೆ?… ಗುಡಿ ಒಳಗಿದೆ. ಐನೋರೇ, ಬಾಗಿಲು ತೆಗೆಯೋ ಕೈನ ಬಾಗಿಲ ಒಳಗಿಟ್ಟು ಬೀಗ ಹಾಕಿದ್ದೀರಲ್ಲ, ನಿಮ್ಮನ್ನ ಏನನ್ಬೇಕು ನಾನು?…

ಇಲ್ಲ ಇಲ್ಲ, ಬರಕ್ಕಾಗಲ್ಲ. ನಾನು ಮಾಕಳಿಲಿದೀನಿ, ಮನೇಲಿ. ಪೂಜೆ ಮುಗಿಸ್ಕೊಂಡು ಎಂಟಕ್ಕೇ ಹೊರಟುಬಂದೆ. ಈಗ ನಿಮ್ಮ ಆರ್.ಟಿ. ನಗರಕ್ಕೆ ಬಾ ಅಂದ್ರೆ ಹೆಂಗೆ ಬರ್ಲಿ? ಗೊರಗುಂಟೆಪಾಳ್ಯದಲ್ಲಿ ಬಾಳೆಕಂದು ಕಟ್ಟಿದ ಲಾರಿಗಳು ಒಂದರ ಹಿಂದೆ ಒಂದು ನಿಂತಿವೆ. ನಾನು ಅಲ್ಲಿಗೆ ಬರೋ ಹೊತ್ತಿಗೆ ನಿಮ್ಮ ಗಣಪತಿಗೆ ರಾತ್ರಿ ಮಂಗಳಾರತಿ ಆಗಿರ್ತದೆ. ಅದಿರ್ಲಿ, ಅದು ಹಳೇ ಕಾಲದ ಹಿತ್ತಾಳೆ ಬೀಗ. ನಿನ್ನೆ ತನಕ ಸರಾಗ ತಿರುಗ್ತಿತ್ತು. ಇವತ್ತು ಯಾಕೆ ಮುರೀತು?…

ಸುಮ್ನೆ ಯಾವುದೂ ಮುರಿಯಲ್ಲ. ನೀವೇನೋ ಮಾಡಿದೀರಿ. ಹೇಳಿ…

ಏನಂದ್ರಿ?…

ಇನ್ನೊಂದ್ಸಲ ಹೇಳಿ. ನಿಧಾನಕ್ಕೆ…

ಬೀಗಕ್ಕೆ ಪೂಜೆ ಮಾಡಿದ್ರಿ. ಬೀಗ ಗುಡಿಯ ಆಯುಧ ಅಂತ. ಹೂಂ. ಗಂಧ ಹಚ್ಚಿದ್ರಿ. ಎಲ್ಲಿಗೆ ಹಚ್ಚಿದ್ರಿ?… ಬೀಗದ ಕೈ ಹಾಕೋ ತೂತಿಗಾ?… ಅದು ಬೀಗದ ಮುಖ ಅಂತ?…

ಅಯ್ಯಯ್ಯೋ, ಇರಿ, ನಗು ತಡೆಯಕ್ಕಾಗ್ತಿಲ್ಲ. ಲೇ ಪುಟ್ಟಲಕ್ಷ್ಮೀ, ಬಾರೇ ಇಲ್ಲಿ, ಐನೋರು ಬೀಗದ ಬಾಯಿಗೆ ಗಂಧ ಮೆತ್ತಿದಾರಂತೆ… ಅಲ್ಲ ಕಣ್ರೀ, ನಾನು ನಿಮ್ಮನ್ನ ನೋಡಿ ನಗ್ತಿಲ್ಲ, ನಮ್ಮ ಹೆಂಗಸ್ರಿಗೆ ಹೇಳ್ದೆ ಅಷ್ಟೇ. ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ನಾಲ್ಕು ಗಂಟೆ ಕಾಲ ಬಿಸಿಲಿಗೆ ಒಣಗಿ ಸಿಮೆಂಟ್ ಆಗಿದೆ. ಅದರೊಳಗೆ ಬೀಗದ ಕೈ ತುರುಕಿ ಬಲವಾಗಿ ತಿರುಗಿಸಿದ್ರಿ. ಮುರೀದೆ ಇನ್ನೇನು?…

ಪೂಜೆಗೆ ಬಂದಿರೋ ಗಾಡಿಗಳು ಎಷ್ಟಿವೆ ಅಂದ್ರಿ?… ನಲವತ್ತು. ರಸ್ತೆ ಕೊನೆ ತನಕ. ಇವತ್ತು ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಈಗ ಹನ್ನೊಂದೂಕಾಲು. ಮುಕ್ಕಾಲು ಗಂಟೆ ಇದೆ ನಿಮಗೆ. ಬೀಗ ರಿಪೇರಿಯವರನ್ನ ಕರೆಸಿ, ನನ್ನ ಊಟ ತಣ್ಣಗಾಗ್ತಿದೆ…

ಹೌದು, ಅವರೂ ಹಬ್ಬ ಮಾಡ್ತಾರೆ. ಬಾಗಿಲು ಮುಚ್ಚಿರ್ತಾರೆ. ಕಲ್ಲಲ್ಲಿ ಹೊಡೆದು ನೋಡಿದ್ರಾ?… ಈಡುಗಾಯಿ ಒಡೆಯೋ ಕಲ್ಲಲ್ಲಿ? ಅದು ತೆಂಗಿನಕಾಯಿ ಒಡೆಯಕ್ಕೆ ಇರೋದು. ಬೀಗದ ಕೊಂಡಿ ಉಕ್ಕಿಂದು ಐನೋರೇ, ಸಾಯಂಕಾಲ ತನಕ ಕುಟ್ಟಿದ್ರೂ ಅಲ್ಲಾಡಲ್ಲ. ಮತ್ಯಾಕೆ ಇಷ್ಟು ಗಾಬರಿ ನಿಮಗೆ? ಬೀಗ ತಾನೇ ಹೋಗಿರೋದು…

ಓ. ಗುಂಡಣ್ಣೋರ ಕಾರು ಮೊದಲನೇ ಪೂಜೆಗಾ? ಎಷ್ಟೊತ್ತಿಗೆ ಬರ್ತಾರೆ?… ಹನ್ನೊಂದೂಮುಕ್ಕಾಲಿಗೆ. ಈಗ ಅರ್ಥ ಆಯ್ತು. ಗುಡಿ ಸಮಿತಿ ಅಧ್ಯಕ್ಷರಲ್ವಾ ಅವರು, ಹೋದ ತಿಂಗಳ ಸಭೇಲಿ ಏನು ಹೇಳಿದ್ರು ಅಂತ ನಾನೂ ಕೇಳಿದೀನಿ. ಇನ್ನೊಂದು ತಪ್ಪಾದ್ರೆ ನಿಮ್ಮನ್ನ ಕಳಿಸಿ ಅವರ ಅಕ್ಕನ ಮಗ ಜಗನ್‌ನ ಕೂರಿಸ್ತಾರೆ, ಅಲ್ವಾ? ಎರಡು ತಪ್ಪು ಆಗ್ಲೇ ಆಗಿದೆ. ಒಂದು, ಸಂಕಲ್ಪದಲ್ಲಿ ಅವರ ನಕ್ಷತ್ರ ತಪ್ಪಾಗಿ ಹೇಳಿದ್ರಿ. ಇನ್ನೊಂದು ಏನು?… ಹಾಂ, ಮೈಕ್ ಆನ್ ಇರೋವಾಗ 'ಅಧ್ಯಕ್ಷರು ಇನ್ನೂ ಎದ್ದಿಲ್ವಾ' ಅಂದ್ಬಿಟ್ರಿ. ಅದನ್ನ ಮೂರು ಬೀದಿ ಕೇಳ್ತು. ನಾನೂ ಕೇಳ್ದೆ. ಚೆನ್ನಾಗಿತ್ತು…

ಏನು?… ಬೇಡ. ಆ ಮಾತೇ ಬೇಡ…

ನನ್ನ ಅಂಗಡಿ ಗುಡಿ ಪಕ್ಕಕ್ಕೇ ಇದೆ, ಸರಿ. ಅದರ ಬೀಗದ ಕೈ ಹೂವು ಮಾರೋ ಮುನಿಕೃಷ್ಣಕ್ಕನ ಹತ್ರ ಇದೆ, ಅದೂ ಸರಿ. ಒಳಗೆ ಕಬ್ಬಿಣ ಕೊಯ್ಯೋ ಗ್ರೈಂಡರ್ ಇದೆ. ಎಲ್ಲಾ ಸರಿ. ಆದರೆ ಅದು ಪೂಜೇಲಿ ಕೂತಿದೆ. ಕೂರಿಸಿದ್ದು ಯಾರು? ನೀವು. ಬೆಳಿಗ್ಗೆ ಹೊಸಿಲ ಹತ್ರ ನಿಂತ್ಕೊಂಡು ಬೆರಳೆತ್ತಿ ಏನಂದ್ರಿ ನನಗೆ? 'ಹನುಮಯ್ಯನವರೇ, ನಾಳೆ ತನಕ ಯಾವ ಮೆಷಿನ್ನೂ ಕದಲಿಸಬಾರದು, ಇವತ್ತು ಅದು ಕಬ್ಬಿಣ ಅಲ್ಲ, ದೇವಿ.' ಹೇಳಿದ್ರೋ ಇಲ್ವೋ?…

ಇಪ್ಪತ್ತೆರಡು ವರ್ಷ ಆಯ್ತು ಕಣ್ರೀ. ವರ್ಷವೆಲ್ಲ ಅದನ್ನ ಬಾಯಿ ಬಡಿಸ್ತೀನಿ. ಕಂಬಿ ಕತ್ತರಿಸು, ವೆಲ್ಡಿಂಗ್ ಗಂಟು ತೇಯಿ, ತುಕ್ಕು ಉಜ್ಜು, ಗ್ರಾನೈಟ್ ಕೊಯ್ಯಿ. ಒಂದು ದಿನ ಅದಕ್ಕೆ ರಜ. ಆ ಒಂದು ದಿನ ನಾನೂ ಮುಟ್ಟಲ್ಲ, ಯಾರಿಗೂ ಮುಟ್ಟಕ್ಕೆ ಬಿಡಲ್ಲ. ಕಾರ್ಪೊರೇಷನ್‌ನೋರು ಬಂದು ಕೇಳಿದಾಗ್ಲೇ ಕೊಡಲಿಲ್ಲ…

ಅಳ್ತಿದೀರಾ?… ಇಲ್ಲ, ಅಳ್ತಿದೀರಿ. ಮೂಗು ಒರೆಸ್ಕೊಂಡಿದ್ದು ಕೇಳಿಸ್ತು. ನಿಮ್ಮ ವಯಸ್ಸೆಷ್ಟು?… ಮೂವತ್ತೊಂದು. ಮೂವತ್ತೊಂದಕ್ಕೆ ಗುಡಿ ಬಾಗಿಲಲ್ಲಿ ನಿಂತು ಅಳೋದೇನ್ರೀ, ನಲವತ್ತು ಜನ ನೋಡ್ತಿರ್ತಾರೆ…

ಅವರು ಕಳಿಸಿಬಿಟ್ರೆ ಎಲ್ಲಿಗೆ ಹೋಗ್ತೀರಿ?… ಗುಡಿ ಹಿಂದಿನ ಆ ಎರಡು ರೂಮೂ ಬಿಡ್ಬೇಕಾ? ಮನೆಯವರು, ಮಗು, ಎಲ್ರೂ?… ಹೂಂ…

ಜಗನ್ ಪೂಜೆ ನಾನು ನೋಡಿದೀನಿ. ಹೋದ ವರ್ಷ ನಮ್ಮ ಅಂಗಡಿಗೆ ಅವನೇ ಬಂದಿದ್ದ. ಬಾಗಿಲಲ್ಲೇ ನಿಂತು, ಒಂದು ಕಿವೀಲಿ ಫೋನು, ಒಂದು ಕೈಯಲ್ಲಿ ಅಕ್ಷತೆ, ಎಸೆದು ಹೋದ. ಕೋಳಿಗೆ ಕಾಳು ಹಾಕ್ದಂಗೆ. ನೀವು ಬೆಳಿಗ್ಗೆ ನೆಲದ ಮೇಲೆ ಕೂತು ಗ್ರೈಂಡರಿನ ಒಂದೊಂದು ವೀಲಿಗೂ ಬೊಟ್ಟಿಟ್ರಿ. ಸವೆದು ಹೋದ ವೀಲಿಗೂ. ಅದೊಂದು ನೋಡಿದೆ ನಾನು…

ಸರಿ. ಒಂದು ಮಾತು ಹೇಳಿ. ಕೂರಿಸಿದೋರು ಎಬ್ಬಿಸ್ಬಹುದಾ? ಶಾಸ್ತ್ರದಲ್ಲಿ ಇದೆಯಾ, ಇಲ್ಲ ಈಗ ಹುಟ್ಟಿಸ್ತಿದೀರಾ?… ಮಂತ್ರ ಹೇಳಿ, ಅಕ್ಷತೆ ಹಾಕಿ, ಉತ್ತರಕ್ಕೆ ಒಂದು ಚೂರು ಕದಲಿಸಿದ್ರೆ ವಿಸರ್ಜನೆ ಆಗೋಗ್ತದೆ. ದೋಷ ಬಂದ್ರೆ?… ನಿಮ್ಮ ತಲೆಗೆ. ಹಂಗೆ ನನ್ನ ಕಿವೀಲಿ ಹೇಳಿದ್ರೆ ನಡೆಯಲ್ಲ. ಮುನಿಕೃಷ್ಣಕ್ಕನ್ನ ಕರೆದು ಅವಳ ಎದುರಿಗೆ ಜೋರಾಗಿ ಹೇಳಿ. ಅವಳು ಸಾಕ್ಷಿ…

ಅಕ್ಕಾ, ಕೇಳಿಸ್ತಾ? ಕೇಳಿಸ್ಕೊಂಡೆಯಲ್ಲ, ದೋಷ ಎಲ್ಲ ಐನೋರಿಗೆ. ಈಗ ನನ್ನ ಅಂಗಡಿ ಬಾಗಿಲು ತೆಗಿ. ಫೋನು ನೀನೇ ಹಿಡ್ಕೊ, ದನಿ ದೊಡ್ಡದಾಗಿ ಇಡು. ಅವರಿಗೆ ಎರಡು ಕೈಯೂ ಬೇಕು ಇವತ್ತು…

ಐನೋರೇ, ಒಳಗೆ ಹೋದ್ರಾ? ಟೇಬಲ್ ಮೇಲೆ ದೊಡ್ಡದು ಇದೆ ನೋಡಿ, ಏಳಿಂಚಿಂದು, ಅದರ ಹತ್ರಕ್ಕೂ ಹೋಗ್ಬೇಡಿ. ಅದು ನಿಮ್ಮನ್ನೇ ಎಳ್ಕೊಂಡು ಹೋಗ್ತದೆ. ಪಕ್ಕದಲ್ಲಿ ಚಿಕ್ಕದು, ನಾಲ್ಕಿಂಚು, ನೀಲಿ ಬಣ್ಣದ್ದು. ಅದಕ್ಕೆ ಮಂತ್ರ ಹೇಳಿ. ಸಣ್ಣ ಮಂತ್ರ ಹೇಳಿ, ಸಮಯ ಇಲ್ಲ…

ಕದಲಿಸಿದ್ರಾ? ಉತ್ತರ ಯಾವ ಕಡೆ ಗೊತ್ತಿದೆ ತಾನೇ?… ಹಾಂ, ಹೆಬ್ಬಾಳದ ಕಡೆ. ಸರಿ. ಈಗ ಕೆಳಗಿನ ನಿಂಬೆಹಣ್ಣು ತೆಗೀರಿ. ಹಾರ ಬಿಚ್ಚಿ. ಎಳೀಬೇಡಿ, ಬಿಚ್ಚಿ. ದಾರ ಒಂದೆಳೆ ತಿರುಗೋ ಕಡೆ ಉಳಿದ್ರೂ ಸುತ್ಕೊಂಡು ಬಿಡ್ತದೆ. ಸ್ವಿಚ್ ಮೇಲೆ ಏನಾದ್ರೂ ಮೆತ್ತಿದೀರಾ?… ನೋಡಿ ಹೇಳಿ…

ಐನೋರೇ. ಐನೋರೇ, ನನಗೆ ಕೋಪ ಬರಿಸ್ಬೇಡಿ. ಬೆಳಿಗ್ಗೆ ಹೇಳಿದ್ನಲ್ಲ, ಮೈಗೆ ಮಾತ್ರ ಹಚ್ಚಿ, ಸ್ವಿಚ್ಚಿಗೆ ಬೇಡ ಅಂತ. ನಿಮಗೆ ತೂತು ಕಂಡ್ರೆ ಗಂಧ, ಗುಂಡಿ ಕಂಡ್ರೆ ಕುಂಕುಮ. ಪಂಚೆ ತುದೀಲಿ ಒರೆಸಿ. ಹಿಂದೆ ಮುಂದೆ ಜಾರಿಸಿ ನೋಡಿ. ಜಾರ್ತದಾ?… ಪುಣ್ಯ…

ಈಗ ಕೆಳಗೆ ಹಸಿರು ಪೆಟ್ಟಿಗೆ. ಅದರಲ್ಲಿ ವೀಲುಗಳಿವೆ. ಎಲ್ಲಾ ಹೊರಗೆ ಹಾಕಿ. ಒಂದೊಂದೇ ಎತ್ತಿ ಹೇಗಿದೆ ಹೇಳಿ, ಯಾವುದು ಅಂತ ನಾನು ಹೇಳ್ತೀನಿ. ಮೆಷಿನ್ ಒಂದೇ ಐನೋರೇ, ಮೂತಿಗೆ ಏನು ಹಾಕ್ತೀವೋ ಅದರ ಕೆಲಸ ಮಾಡ್ತದೆ. ತಪ್ಪಾಗಿ ಹಾಕಿದ್ರೆ ಬೀಗ ಉಳಿಯುತ್ತೆ, ನೀವು ಹೋಗ್ತೀರಿ…

ದಪ್ಪ, ನಡುವೆ ತಗ್ಗು. ಅದು ತೇಯೋದು. ವೆಲ್ಡಿಂಗ್ ಮಾಡಿದ ಗಂಟು ಇರುತ್ತಲ್ಲ, ಅದನ್ನ ಮಟ್ಟ ಮಾಡಕ್ಕೆ. ಅದರ ಅಂಚಲ್ಲಿ ಬೀಗ ಕೊಯ್ಯಕ್ಕೆ ಹೋದ್ರೆ ಸಂಕ್ರಾಂತಿ ತನಕ ತೇಯ್ತಾ ಇರ್ತೀರಿ. ಪಕ್ಕಕ್ಕಿಡಿ…

ಅಂಚಲ್ಲಿ ಮಿಂಚು ಮಿಂಚು?… ಅದು ಗ್ರಾನೈಟ್, ಟೈಲ್ಸ್ ಕೊಯ್ಯೋದು. ನಿಮ್ಮ ಗುಡಿ ಮೆಟ್ಟಿಲು ಕೊಯ್ದಿದ್ದು ಅದರಲ್ಲೇ. ಕಬ್ಬಿಣಕ್ಕೆ ಬೇಡ, ಅದರ ಹಲ್ಲು ಉದುರ್ತದೆ, ಆಮೇಲೆ ನಾನು ನಿಮ್ಮ ಹಲ್ಲು ನೋಡ್ಬೇಕಾಗ್ತದೆ…

ಹೂವಿನ ಥರ?… ಹಾಂ, ಸೇವಂತಿಗೆ ಎಸಳಿನ ಹಾಗೆ ಉಪ್ಪುಕಾಗದ ಒಂದರ ಮೇಲೊಂದು ಅಂಟಿಸಿರ್ತಾರೆ. ಮುನಿಕೃಷ್ಣಕ್ಕ ನೋಡಿದ್ರೆ ಮೊಳ ಹಾಕಿ ಮಾರ್ತಾಳೆ ಅದನ್ನ. ಅದು ನುಣುಪು ಮಾಡೋದು. ಎಸೀಬೇಡಿ, ಆಮೇಲೆ ಬೇಕಾಗ್ತದೆ, ಜೇಬಲ್ಲಿಡಿ… ಜೇಬಿಲ್ವಾ? ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ…

ತಂತಿ ಬಟ್ಟಲು. ಹೂಂ, ಬ್ರಷ್ಷು ಅದು, ತುಕ್ಕು ಕೀಳಕ್ಕೆ, ಹಳೇ ಬಣ್ಣ ಕೀಳಕ್ಕೆ. ಅದೂ ಇಟ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ನಿಮಗೆ ಖುಷಿ ಆಗ್ತದೆ…

ಗರಗಸದ ಹಲ್ಲಿಂದು ಸಿಕ್ತಾ? ಅದನ್ನ ವಾಪಸ್ ಹಾಕಿ. ಈಗಲೇ. ಯಾರೋ ಬಡಗಿ ಮರ ಕೊಯ್ಯಕ್ಕೆ ಅಂತ ಹಾಕಿದ್ದ, ಎಗರಿ ಅವನ ತೊಡೆಗೆ ಬಂತು. ಕಿತ್ತುಕೊಂಡು ಇಟ್ಟಿದೀನಿ. ಮರಕ್ಕೂ ಇಲ್ಲ, ಯಾವುದಕ್ಕೂ ಇಲ್ಲ. ಹೊಸಬರಿಗೆ ತೋರಿಸಿ ಹೆದರಿಸಕ್ಕೆ ಇಟ್ಟಿರೋದು…

ತೆಳ್ಳಗೆ, ಹಪ್ಪಳದ ಹಾಗೆ, ಕಪ್ಪಗೆ?… ಅದೇ. ಅದೇ ಕಟಿಂಗ್ ವೀಲು. ಬೆಳಕಿಗೆ ಹಿಡಿದು ನೋಡಿ, ಬಿರುಕಿದ್ರೆ ಬೇಡ. ಇಲ್ಲ ತಾನೇ?… ಬೊಟ್ಟು ಇದೆಯಾ ಅದರ ಮೇಲೆ? ಇರ್ಲಿ ಬಿಡಿ, ತಿರುಗಿದ್ರೆ ತಾನೇ ಹೋಗ್ತದೆ…

ಪ್ಲಗ್ ಹಾಕಿದೀರಾ? ಹಾಕಿದ್ರೆ ಕಿತ್ತು ಬಿಸಾಕಿ. ಕರೆಂಟ್ ಇಟ್ಕೊಂಡು ವೀಲು ಹಾಕೋನು ನನ್ನ ಅಂಗಡೀಲಿ ಒಂದು ದಿನ ನಿಲ್ಲಲ್ಲ. ಹಾಂ, ಈಗ ಮೆಷಿನ್ ಮೂತಿ ಮೇಲೆ ಒಂದು ಗುಂಡಿ ಇದೆ, ಒತ್ತಿ ಹಿಡೀರಿ. ಎರಡು ಹಲ್ಲಿನ ಸ್ಪ್ಯಾನರ್ ಪೆಟ್ಟಿಗೆಲೇ ಇದೆ, ನಟ್ ಬಿಚ್ಚಿ. ವೀಲು ಕೂರಿಸಿ. ಬಿಗಿ ಮಾಡಿ… ನೀವು ಜನಿವಾರ ಗಂಟು ಹಾಕ್ತಿಲ್ಲ ಐನೋರೇ, ಬಲ ಹಾಕಿ…

ಗಾರ್ಡ್ ಕೈಗೆ ಅಡ್ಡ ಬರುತ್ತಾ? ಬರ್ಲಿ. ಅದನ್ನ ಬಿಚ್ಚಿದ್ರೆ ಈಗಲೇ ಫೋನ್ ಇಡ್ತೀನಿ. ಕಿಡಿ ನಿಮ್ಮ ಮುಖಕ್ಕೆ ಬರ್ದೆ ಇರಲಿ ಅಂತ ಇರೋದು ಅದು. ಗೋಡೆ ಮೇಲೆ ಕನ್ನಡಕ ನೇತಾಡ್ತಿದೆ, ಹಾಕ್ಕೊಳ್ಳಿ. ಶಲ್ಯ ತೆಗೀರಿ, ಪಂಚೆ ಮೇಲೆತ್ತಿ ಕಚ್ಚೆ ಹಾಕಿ ಬಿಗಿಯಾಗಿ. ಜನಿವಾರ ಬೆನ್ನಿಗೆ ಹಾಕ್ಕೊಳ್ಳಿ. ಜುಟ್ಟು ಕಟ್ಟಿ. ಒಂದು ನೂಲು ಜೋತಾಡಬಾರದು. ಅಂಗಡೀಲಿ ಖಾಕಿ ಅಂಗಿ ಇದೆ ನೋಡಿ, ಅದನ್ನ ಮೇಲೆ ಹಾಕ್ಕೊಳ್ಳಿ… ವಾಸನೆನಾ? ಅದು ದುಡಿಮೆ ವಾಸನೆ, ಮೂಗು ಮುಚ್ಕೊಳ್ಳಿ…

ಅಕ್ಕ ನಗ್ತಿದಾಳಾ? ಹೆಂಗೆ ಕಾಣ್ತಾರೆ ಅಕ್ಕ?… ಸಿನಿಮಾ ಕಳ್ಳನ ಹಾಗಾ. ಹಣೇಲಿ ನಾಮ, ಮೈಮೇಲೆ ನನ್ನ ಅಂಗಿ. ಇದೊಂದು ನೋಡಕ್ಕೆ ನಾನಿರ್ಬೇಕಿತ್ತು…

ವೈರು ನನ್ನ ಅಂಗಡಿ ಬೋರ್ಡಿಂದ ಎಳೀರಿ, ಗುಡಿ ಬಾಗಿಲ ತನಕ ಬರ್ತದೆ. ಆ ಸ್ಕೂಟರ್‌ನೋರಿಗೆಲ್ಲ ಹತ್ತು ಹೆಜ್ಜೆ ಹಿಂದಕ್ಕೆ ಹೋಗಕ್ಕೆ ಹೇಳಿ, ಪೆಟ್ರೋಲ್ ಹತ್ರ ಕಿಡಿ ಆಗಬಾರದು. ಅಕ್ಕಾ, ನಿನ್ನ ಹೂವಿನ ಬುಟ್ಟಿ ಎತ್ಕೊ. ಆಮೇಲೆ ಸುಟ್ಟು ಹೋಯ್ತು ಅಂತ ನನ್ನ ಹತ್ರ ಬರ್ಬೇಡ…

ಈಗ ಕೇಳಿ, ಒಂದೇ ಸಲ ಹೇಳ್ತೀನಿ. ಎರಡು ಕೈಯಲ್ಲಿ ಹಿಡೀರಿ, ಪಕ್ಕದ ಹಿಡಿ ಒಂದು ಕೈಗೆ, ಮೈ ಒಂದು ಕೈಗೆ. ವೀಲಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಆನ್ ಮಾಡಿ, ಪೂರ್ತಿ ವೇಗ ಬರೋ ತನಕ ಗಾಳೀಲೇ ಹಿಡೀರಿ. ಆಮೇಲೆ ಕೊಂಡಿಗೆ ಮುಟ್ಟಿಸಿ. ಒತ್ತಬೇಡಿ. ಅದರ ಭಾರ ಅದೇ ಇಳೀತದೆ. ಅಡ್ಡಡ್ಡ ತಿರುಚಬೇಡಿ, ವೀಲು ಚೂರಾಗ್ತದೆ. ಹೆದರಿಕೆ ಆದ್ರೆ ಬಿಟ್ಟು ಓಡಬೇಡಿ, ಆಫ್ ಮಾಡಿ. ಗೊತ್ತಾಯ್ತಾ? ಗಣಪತಿನ ನೆನೆಸ್ಕೊಳ್ಳಿ, ಅವನೂ ಒಳಗೇ ಸಿಕ್ಕಾಕ್ಕೊಂಡಿದಾನೆ…

…ಏನಾಯ್ತು? ನಿಂತುಹೋಯ್ತಾ?… ನೀವೇ ನಿಲ್ಲಿಸಿದ್ರಾ? ಯಾಕೆ?… ಕಿಡಿ ಬಂತು ಅಂತ. ಕಿಡಿ ಬರದೆ ಮಲ್ಲಿಗೆ ಬರ್ತದೇನ್ರೀ? ಬರ್ಲಿ. ನಿಮ್ಮ ಕಡೆ ಬರ್ತಿದೆಯೋ, ಬೀದಿ ಕಡೆಯೋ?… ಬೀದಿ ಕಡೆ. ಹಂಗಾದ್ರೆ ಸರಿಯಾಗಿ ಹಿಡಿದಿದೀರಿ. ಮತ್ತೆ ಹಚ್ಚಿ…

…ಆ ಸದ್ದು ಕೇಳಿ, ಸಣ್ಣಗೆ ಆಗ್ತಿದೆ. ಒತ್ತುತಿದೀರಿ. ಸಡಿಲ ಬಿಡಿ… ಹಾಂ, ಈಗ ಸರಿ, ಈಗ ಹಾಡ್ತಿದೆ. ಹಂಗೇ…

…ಬಿತ್ತಾ? ಕೊಂಡಿ ಪೂರ್ತಿ ಬಿಟ್ಕೊಳ್ತಾ?… ಎಲ್ರೂ ಚಪ್ಪಾಳೆ ತಟ್ತಿದಾರೆ, ಕೇಳಿಸ್ತಿದೆ. ಕೆಳಗಿಡಬೇಡಿ, ವೀಲು ಪೂರ್ತಿ ನಿಲ್ಲೋ ತನಕ ಹಿಡ್ಕೊಂಡಿರಿ. ಬೀಗ ಮುಟ್ಟಬೇಡಿ ಕಾದಿರ್ತದೆ… ಮುಟ್ಟಿದ್ರಾ? ಊದಿ. ಊದ್ಕೊಳ್ಳಿ…

ಬಾಗಿಲು ತೆಗೆಯೋದು ಇರ್ಲಿ, ಗಂಟೆ ಎಷ್ಟಾಯ್ತು?… ಹನ್ನೊಂದು ಮೂವತ್ತೆಂಟು. ಏಳು ನಿಮಿಷ ಇದೆ. ಆ ಬೀಗ ಎತ್ತಿ ನೋಡಿ. ಮುಖದ ತುಂಬ ಗಂಧ ಕುಂಕುಮ ಇದೆಯಲ್ಲ? ಅದನ್ನ ಗುಂಡಣ್ಣೋರು ನೋಡಿದ್ರೆ ಕೇಳದೇನೇ ಗೊತ್ತಾಗ್ತದೆ ಯಾರ ಕೆಲಸ ಅಂತ. ಅದಕ್ಕೇ ತಂತಿ ಬ್ರಷ್ ಇಟ್ಕೊಳ್ಳಿ ಅಂದಿದ್ದು…

ಸುಳ್ಳಲ್ಲ ಐನೋರೇ, ಇದು ಸ್ವಚ್ಛತೆ. ಪ್ಲಗ್ ಕೀಳಿ, ಹಪ್ಪಳ ತೆಗೀರಿ, ಬಟ್ಟಲು ಹಾಕಿ. ಬೀಗನ ನನ್ನ ಅಂಗಡಿ ವೈಸಿನ ದವಡೆಗೆ ಕಚ್ಚಿಸಿ, ಕೈಯಲ್ಲಿ ಹಿಡಿದು ಮಾಡ್ಬೇಡಿ. ಮೆಲ್ಲಗೆ ಸವರಿ, ಕೆನ್ನೆ ಸವರಿದ ಹಾಗೆ. ಒತ್ತಿದ್ರೆ ತಂತಿ ಸೂಜಿ ಥರ ಹಾರ್ತದೆ, ಅದಕ್ಕೇ ಕನ್ನಡಕ ತೆಗೀಬೇಡಿ…

…ಏನೇ? ಗೊತ್ತು ಕಣೇ ಎಲೆ ಹಾಕಿದೀಯ ಅಂತ. ಒಬ್ಬಟ್ಟಿಗೆ ತುಪ್ಪ ಹಾಕ್ಬೇಡ, ಬಂದ್ಮೇಲೆ ಹಾಕು. ಇಲ್ಲಿ ಒಬ್ಬರ ಅನ್ನದ ಪ್ರಶ್ನೆ ಇದೆ…

…ಹೋಯ್ತಾ? ಹಿತ್ತಾಳೆ ಕಾಣ್ತಾ?… ಚಿನ್ನದ ಹಾಗಾ. ತೂತೊಳಗೆ ಇರೋದು ಬಿಡಿ, ಅಲ್ಲಿಗೆ ಯಾರು ಬಗ್ಗಿ ನೋಡ್ತಾರೆ. ಬಾಗಿಲಿಗೇನಾದ್ರೂ ತಾಗಿದೆಯಾ?… ಚಿಲಕದ ಪಟ್ಟಿ ಮೇಲೆ ಗೀರು. ಆ ಗುಡಿ ಬಾಗಿಲಿನ ಕಬ್ಬಿಣದ ಗೇಟು ನಾನು ಮಾಡಿದ್ದು ಕಣ್ರೀ. ನಂಗೆ ಹೊಟ್ಟೆ ಉರೀತದೆ. ಸೊಂಟದಲ್ಲಿರೋ ಸೇವಂತಿಗೆ ತೆಗೀರಿ, ಅದನ್ನ ಹಾಕಿ, ಆ ಗೀರಿನ ಮೇಲೆ ಎರಡು ಸಲ ಸವರಿ. ಅಂಚು ಚೂಪಾಗಿ ಉಳಿದ್ರೆ ನಾಳೆ ಯಾರದ್ದೋ ಸೀರೆ ಹರೀತದೆ. ಎರಡೇ ಸಲ. ಜಾಸ್ತಿ ಸವರಿದ್ರೆ ಗೇಟೇ ಉಳಿಯಲ್ಲ…

…ಆಯ್ತಾ? ಭೇಷ್. ಇಷ್ಟು ಬೇಗ ನಮ್ಮ ಹುಡುಗರೂ ಕಲೀಲಿಲ್ಲ. ಅಂಗಿ ಬಿಚ್ಚಿ, ಶಲ್ಯ ಹಾಕ್ಕೊಂಡು…

ಯಾವ ಬಿಳಿ ಕಾರು?… ಗುಂಡಣ್ಣೋರು ಬಂದ್ರಾ. ಬರ್ಲಿ. ನೀವು ಮಾತಾಡ್ಬೇಡಿ. ಏನು ಕೇಳಿದ್ರೂ 'ಹನುಮಯ್ಯನ್ನ ಕೇಳಿ' ಅನ್ನಿ. ಅಕ್ಕಾ, ಫೋನು ಅವರ ಕೈಗೆ ಕೊಡು…

ಹಲೋ… ಯಾರು, ಅಧ್ಯಕ್ಷರಾ? ನಮಸ್ಕಾರ ಗುಂಡಣ್ಣೋರೇ, ಹಬ್ಬ ಚೆನ್ನಾಯ್ತಾ? ಹೊಸ ಸೀಟು ಕವರ್ ಹಾಕ್ಸಿದೀರಂತೆ ಕಾರಿಗೆ…

ಬೀಗವಾ? ಹೌದು, ನಾನೇ ಕೊಯ್ಯಿಸಿದೆ. ಫೋನಲ್ಲೇ… ಯಾಕೆ ಅಂದ್ರೆ, ಹಳೇದಲ್ವಾ. ಒಳಗಿನ ಲಿವರ್ ಸವೆದಿತ್ತು. ಬೀಗದ ಕೈಯೂ ಸವೆದಿತ್ತು. ಎರಡೂ ಒಟ್ಟಿಗೆ ಸತ್ತವು. ವಯಸ್ಸು ಯಾರನ್ನ ಬಿಡ್ತದೆ, ನಮ್ಮನ್ನ ಬಿಡ್ತದಾ?…

ನಿಮ್ಮನ್ನ ಅಂದಿದ್ದಲ್ಲ. ನಮ್ಮನ್ನ ಅಂದೆ…

ಹೊಳೀತಿದೆಯಾ? ಎಷ್ಟು ಹೊಳೀತಿದೆ?… ಹಬ್ಬ ಅಲ್ವಾ ಅಧ್ಯಕ್ಷರೇ, ಗುಡಿ ಸಾಮಾನು ಹೊಳೀಬೇಡ್ವಾ? ನಿಮ್ಮ ಜಗನ್ ಯಾವತ್ತಾದ್ರೂ ಬೀಗ ಉಜ್ಜಿದ್ನಾ?…

ಗೊತ್ತು, ನೀವು ಫ್ಯಾಕ್ಟರೀಲಿ ಮೂವತ್ತು ವರ್ಷ ಇದ್ದೋರು. ಕಬ್ಬಿಣ ನೋಡಿದ್ರೆ ಹೇಳ್ತೀರಿ. ಆದ್ರೆ ನೀವಿದ್ದಿದ್ದು ಹಾಜರಿ ಹಾಕೋ ಆಫೀಸಲ್ಲಿ, ಅಲ್ಲಿ ಬೀಗ ಹೇಗೆ ಸಾಯ್ತದೆ ಅಂತ ಹೇಳಿಕೊಡ್ತಿದ್ರಾ? ಇಲ್ಲ, ಜಗಳ ಮಾಡ್ತಿಲ್ಲ. ನಾನು ಮಾತಾಡೋದೇ ಹಿಂಗೆ. ಒಳಗೊಂದು ಹೊರಗೊಂದು ಇಲ್ಲ ನನ್ನ ಹತ್ರ, ಇಡೀ ಆರ್.ಟಿ. ನಗರಕ್ಕೆ ಗೊತ್ತು…

ಆಣೆನಾ?… ಐನೋರ ತಪ್ಪಿಲ್ಲ ಅಂತ ಆಣೆ ಇಡ್ಬೇಕಾ. ಯಾವುದರ ಮೇಲೆ?… ನನ್ನ ಮೆಷಿನ್ ಮೇಲೆ…

ಯೋಚನೆ ಏನಿಲ್ಲ. ಇಡ್ತೀನಿ. ನೀಲಿ ಗ್ರೈಂಡರ್ ಮೇಲೆ ಆಣೆ, ಐನೋರ ತಪ್ಪಿಲ್ಲ. ಸಾಕಾ?… ಹಾಂ. ಈಗ ಕಾರಿಗೆ ಪೂಜೆ ಮಾಡಿಸ್ಕೊಳ್ಳಿ. ಫೋನು ಐನೋರಿಗೆ ಕೊಡಿ…

ಐನೋರೇ, ಸ್ವಲ್ಪ ದೂರ ಬನ್ನಿ. ಬಂದ್ರಾ? ನೋಡಿದ್ರಾ ಹೆಂಗೆ ತೊಳೆದು ಕಳಿಸ್ದೆ? ಸುಳ್ಳು ಆಣೆ ಅಂತ ಚಿಂತೆ ಮಾಡ್ಬೇಡಿ, ದೇವಿನ ನೀವು ಆಗ್ಲೇ ಉತ್ತರಕ್ಕೆ ಕಳಿಸಿಬಿಟ್ಟಿದೀರಿ. ಈಗ ಅದು ಬರೀ ಮೆಷಿನ್ನು. ಕಬ್ಬಿಣದ ಮೇಲೆ ಎಷ್ಟು ಆಣೆ ಬೇಕಾದ್ರೂ…

ಏನು?… ನಿಜ ಹೇಳ್ಬಿಡ್ತೀರಾ? ಯಾಕೆ?…

ಐನೋರೇ, ಬೇಡ. ನಾನು ಹೇಳ್ತೀನಿ ಕೇಳಿ, ಬೇಡ. ಇಷ್ಟು ಕಷ್ಟಪಟ್ಟು ಉಜ್ಜಿದೀವಿ. ಮನಸ್ಸಿಗೆ ಚುಚ್ತಿದ್ರೆ ರಾತ್ರಿ ಗಣಪತಿ ಹತ್ರ ಹೇಳ್ಕೊಳ್ಳಿ, ಅವನು ಯಾರಿಗೂ ಹೇಳಲ್ಲ. ಗುಂಡಣ್ಣನ ಹತ್ರ ಯಾಕೆ? ಹೆಂಡತಿ ಮಗು ನೆನೆಸ್ಕೊಳ್ಳಿ… ಸಂಕಲ್ಪಕ್ಕೆ ಕೂರೋಕೆ ಮುಂಚೆ ಹೇಳ್ಲೇಬೇಕಾ? ಯಾವ ಪುಸ್ತಕದಲ್ಲಿ ಬರೆದಿದೆ ಅದು?… ಐನೋರೇ… ಹಲೋ…

ಅಕ್ಕಾ? ಫೋನು ನಿನ್ನ ಕೈಗೆ ಕೊಟ್ಟು ಹೋದ್ರಾ? ಹಿಡಿಯೇ ಅವರನ್ನ… ಹೋಗಿಬಿಟ್ರಾ. ಏನ್ ಹೇಳ್ತಿದಾರೆ?… ಎಲ್ರ ಎದುರಿಗಾ? 'ನಾನೇ ಬೀಗಕ್ಕೆ ಪೂಜೆ ಮಾಡಿದೆ, ನಾನೇ ಗಂಧ ತುಂಬಿದೆ, ನಾನೇ ಮುರಿದೆ.' ಮುಗೀತು. ನಾಳೆ ಸಾಮಾನು ಸಾಗಿಸಕ್ಕೆ ನನ್ನ ಗಾಡೀನೇ ಕಳಿಸ್ಬೇಕು…

ಅದೇನು ಸದ್ದು? ಬೈತಿದಾರಾ?… ನಗ್ತಿದಾರಾ? ಯಾರು?… ಎಲ್ರೂ. ಆಟೋದವನು ಏನಂದ?… 'ಬೀಗಕ್ಕೇ ಈ ಪಾಟಿ ಪೂಜೆ ಮಾಡೋ ಐನೋರು, ನಮ್ಮ ಗಾಡಿಗೆ ಇನ್ನೆಷ್ಟು ಮಾಡ್ತಾರೋ, ಬೇಗ ಶುರು ಮಾಡಿ' ಅಂದ್ನಾ?… ಎಲ್ರೂ ಹೂಂ ಅಂದ್ರಾ?…

ಗುಂಡಣ್ಣೋರು ಏನ್ಮಾಡ್ತಿದಾರೆ ಅಕ್ಕ? ಅವರ ಮುಖ ನೋಡಿ ಹೇಳು… ಜನದ ಕಡೆ ನೋಡ್ತಿದಾರೆ. ಹೂಂ… ವಾಚ್ ನೋಡ್ತಿದಾರೆ. ಹೂಂ, ಆಮೇಲೆ?…

'ಮೊದಲು ನನ್ನ ಕಾರು, ಆದ್ರೆ ಬಾಗಿಲ ಹ್ಯಾಂಡಲ್‌ಗೆ ಮಾತ್ರ ಗಂಧ ಹಚ್ಚಬೇಡಿ' ಅಂದ್ರಾ?… ನಿಜವಾಗ್ಲೂ? ಅಕ್ಕಾ, ನೀನು ಸುಳ್ಳು ಹೇಳ್ತಿಲ್ಲ ತಾನೇ?… ಗಂಟೆ ಸದ್ದು. ಹಾಂ, ಕೇಳಿಸ್ತು, ಕೇಳಿಸ್ತು. ಹನ್ನೆರಡಕ್ಕೆ ಇನ್ನೂ ಎಂಟು ನಿಮಿಷ ಇದೆ. ಉಳಿದ್ರು ಬಿಡು, ನಮ್ಮ ಐನೋರು ಗುಡೀಲೇ ಉಳಿದ್ರು…

ಏನಕ್ಕ?… ಗುಂಡಣ್ಣೋರು ಫೋನ್ ಕೊಡು ಅಂತಿದಾರಾ? ಕೊಡಬೇಡ. ನಾನು ಊಟಕ್ಕೆ ಹೋದೆ ಅನ್ನು… ಕೊಟ್ಟೇಬಿಟ್ಯಾ…

ಹಲೋ… ಗುಂಡಣ್ಣೋರೇ… ಹಾಂ, ಐನೋರು ಹೇಳಿದ್ರಂತೆ, ಈಗ ತಾನೇ ಗೊತ್ತಾಯ್ತು… ಯಾವ ಆಣೆ?… ಹಲೋ?… ಒಳಗೊಂದು ಹೊರಗೊಂದು ಅಂದ್ರಾ?… ಏನೂ ಕೇಳಿಸ್ತಿಲ್ಲ ಅಧ್ಯಕ್ಷರೇ, ಇಲ್ಲಿ ಮಾಕಳೀಲಿ ಟವರ್ ಸರಿ ಇಲ್ಲ… ಬಿಟ್ಟು… ಬಿಟ್ಟು… ಬರ್ತಿದೆ… ಹ… ಲೋ…

…ಲೇ ಪುಟ್ಟಲಕ್ಷ್ಮೀ, ಆಮೇಲೆ ಕೂಗೇ, ನಾನು ಕಟ್ ಆಗಿದೀನಿ, ಅವರಿಗೆ ಕೇಳಿಸ್ತ…